ಗಾದಿಯ ಕೊನೆಯ ನಂಬರು

ಹೊಸ ತೊಗರಿಯ ಧೂಳು ಮೂಗಿಗೆ ಬಿದ್ದರೆ ನನಗೆ ಸೀನು ತಪ್ಪಿದ್ದಲ್ಲ. ಈ ಸಲ ಸಂಕ್ರಾಂತಿ ಕಳೆದ ಮೇಲೆ ಔರಾದಿಗೆ ಹೊರಟವಳು ಬೀದರಿನಲ್ಲಿ ಬಸ್ಸು ಬದಲಿಸಬೇಕಿತ್ತು. ಮುಂದಿನ ಬಸ್ಸಿಗೆ ಇನ್ನೂ ಹೊತ್ತಿತ್ತು, ಆಟೋ ಹತ್ತಿ ಅಲ್ಲಿನ ದವಸದ ಮಾರುಕಟ್ಟೆ ಗಾಂಧಿ ಗಂಜಿಗೆ ಹೋದೆ. ಗೇಟಿನೊಳಗೆ ಕಾಲಿಟ್ಟದ್ದೇ ತಡ, ಒಂದರ ಹಿಂದೊಂದು ಸೀನು ಶುರುವಾದವು. ಬೆನ್ನ ಮೇಲೆ ಚೀಲ ಹೊತ್ತು ಹೊರಟಿದ್ದ ಹಮಾಲರೊಬ್ಬರು ನಿಂತು ನಕ್ಕರು. "ಹೊರಗಿನ ಮಂದೀಗಿ ನಮ್ಮ ಗಂಜಿನ ಹವಾ ಆಗಿಬರಲ್ಲ ನೋಡ್ರಿ" ಎಂದರು. ನನಗೆ ಸಿಟ್ಟು ಬಂತು. ಭಾಲ್ಕಿ ತಾಲ್ಲೂಕಿನ ಮೆಹಕರದಲ್ಲಿ ತೊಗರಿ ರಾಶಿಯ ಮೇಲೆ ಉರುಳಾಡಿ ಬೆಳೆದವಳು ನಾನು. ಹಾಗಂತ ಹೇಳಲು ಬಾಯಿ ತೆರೆದರೆ ಮತ್ತೊಂದು ಸೀನು ಬಂತು. ಅವರು ನಗುತ್ತಲೇ ಮುಂದೆ ಹೋದರು.

ಒಣಗಿದ ಹೊಟ್ಟು, ಗೋಣಿಚೀಲ, ಊದಿನಕಡ್ಡಿ, ಎಲ್ಲೋ ಕುದಿಯುತ್ತಿರುವ ಚಹಾ. ಇಷ್ಟೂ ಸೇರಿದ ಆ ವಾಸನೆ ನನ್ನನ್ನು ಒಂದು ಚಳಿಗಾಲಕ್ಕೆ ಎಳೆದೊಯ್ದಿತು. ಆಗ ನಾನು ಇದೇ ಗಂಜಿನಲ್ಲಿ ಕೆಲಸಕ್ಕಿದ್ದೆ. ಆ ವರ್ಷದಷ್ಟು ನಡೆದದ್ದು, ಅಷ್ಟು ಚಹಾ ಕುಡಿದದ್ದು, ಅಷ್ಟು ಬೈಸಿಕೊಂಡದ್ದು, ಅಷ್ಟು ನಕ್ಕದ್ದು ಮತ್ತೆ ಯಾವ ಊರಿನಲ್ಲೂ ಆಗಲಿಲ್ಲ.

ನನ್ನ ಕೆಲಸ ಫೈರ್‌ವಾಲ್ ನೋಡಿಕೊಳ್ಳುವುದು. ಅವ್ವನಿಗೆ ಇವತ್ತಿಗೂ ಅದು ಬಾಗಿಲು ಕಾಯುವ ಕೆಲಸ ಎಂದಷ್ಟೇ ಗೊತ್ತು, ಅದು ತಪ್ಪೂ ಅಲ್ಲ. ಆ ವರ್ಷ ಬೀದರ, ಭಾಲ್ಕಿ, ಔರಾದ ಮೂರೂ ಊರಿನ ಮಾರುಕಟ್ಟೆಗಳ ತೊಗರಿ ಸವಾಲನ್ನು ಒಂದೇ ಕಂಪ್ಯೂಟರಿಗೆ ಕೂಡಿಸಬೇಕೆಂದು ತೀರ್ಮಾನವಾಗಿತ್ತು. ಸವಾಲೆಂದರೆ ನಮ್ಮ ಕಡೆ ಹರಾಜು. ಔರಾದಿನ ಅಂಗಳದಲ್ಲಿ ಬಿದ್ದ ಮಾಲಿಗೆ ಬೀದರಿನ ವ್ಯಾಪಾರಿ ತನ್ನ ಅಂಗಡಿಯಲ್ಲೇ ಕೂತು ಬೋಲಿ, ಅಂದರೆ ದರ, ಹಾಕಬಹುದು, ಮಾಲು ಹೊತ್ತು ತಿರುಗುವ ಕಷ್ಟ ತಪ್ಪುತ್ತದೆ ಎಂಬುದು ಲೆಕ್ಕ. ಅದರ ನೆಟ್‌ವರ್ಕಿನ ಗುತ್ತಿಗೆ ಹಿಡಿದ ಕಂಪನಿಯ ಕಡೆಯಿಂದ ನಾವಿಬ್ಬರಿದ್ದೆವು. ಕಂಪನಿಯ ಹೆಸರು ಗಂಜಿನಲ್ಲಿ ಯಾರ ನಾಲಿಗೆಗೂ ಹತ್ತಲಿಲ್ಲ, ನಮ್ಮನ್ನು "ನೆಟ್ಟಿನೋರು" ಎಂದೇ ಕರೆದರು.

ಇಬ್ಬರಲ್ಲಿ ಹಿರಿಯರು ಖಲೀಲ್ ಸಾಬ್. ಬೀದರಿನ ಹಳೇ ಊರಿನವರು, ಮನೆಯಲ್ಲಿ ದಖನಿ ಉರ್ದು, ಹೊರಗೆ ನಮ್ಮ ಕನ್ನಡ. ಚಳಿಗಾಲ ಶುರುವಾದರೆ ಅವರ ಮಂಗನ ಟೋಪಿ ತಲೆಯಿಂದ ಇಳಿಯುತ್ತಿರಲಿಲ್ಲ. ಅದರೊಳಗಿಂದಲೇ ಫೋನು ಕಿವಿಗೆ ಒತ್ತಿ, ಎದುರಿನವರ ಮಾತು ಕೇಳಿಸದೆ, "ಜೋರ್ ಮಾತಾಡ್ರಿ" ಎಂದು ಅವರನ್ನೇ ಗದರಿಸುತ್ತಿದ್ದರು. ನನ್ನನ್ನು "ಬೇಟಾ" ಎನ್ನುತ್ತಿದ್ದರು. ಅವರೂ ನಾನೂ ದಿನಕ್ಕೊಮ್ಮೆಯಾದರೂ ವಾದ ಮಾಡದೆ ಮನೆಗೆ ಹೋದದ್ದಿಲ್ಲ.

ವಾದಕ್ಕೆ ಮೂಲ ಆ ಫೈರ್‌ವಾಲ್ ಪೆಟ್ಟಿಗೆಯೇ. ಗಂಜಿನ ಒಂದೊಂದು ಅಂಗಡಿಯ ಕಂಪ್ಯೂಟರಿಗೂ ಒಂದೊಂದು ನಂಬರು ಇತ್ತು. ಕಂಪ್ಯೂಟರು ತಾನು ಹೇಳುವುದನ್ನು ಸಣ್ಣ ಸಣ್ಣ ಪೊಟ್ಟಣ ಕಟ್ಟಿ ಕಳಿಸುತ್ತದೆ, ಅದೇ ಪ್ಯಾಕೆಟ್. ಪೊಟ್ಟಣದ ಮೇಲೆ ಎಲ್ಲಿಂದ ಬಂತು, ಎಲ್ಲಿಗೆ ಹೊರಟಿದೆ ಎಂಬ ನಂಬರುಗಳಿರುತ್ತವೆ. ಸವಾಲಿನ ಸರ್ವರಿನ ಮುಂದೆ ಕೂತ ಫೈರ್‌ವಾಲ್ ಆ ನಂಬರು ನೋಡಿ ತನ್ನಲ್ಲಿ ಬರೆದಿಟ್ಟ ರೂಲುಗಳನ್ನು ಮೇಲಿನಿಂದ ಕೆಳಕ್ಕೆ ಓದುತ್ತ ಬರುತ್ತದೆ. ಮೊದಲು ಯಾವ ಸಾಲು ಹೊಂದಿತೋ ಅದರ ಮಾತೇ ಕೊನೆ: ಒಳಗೆ ಬಿಡು, ಇಲ್ಲವೇ ತಡೆ. ಕಟ್ಟಕಡೆಯ ಸಾಲು ಮಾತ್ರ ಎಲ್ಲ ಕಡೆಯೂ ಒಂದೇ. ಉಳಿದವರನ್ನೆಲ್ಲ ತಡೆ.

ನಮಗಿಂತ ಮೊದಲಿದ್ದವರು ಅಂಗಡಿಗೊಂದು ಸಾಲಿನಂತೆ ರೂಲು ಬರೆದಿಟ್ಟು ಹೋಗಿದ್ದರು. ಬೀದರಿನ ಮಟ್ಟಿಗೆ ಅದು ಹೇಗೋ ನಡೆದಿತ್ತು. ಭಾಲ್ಕಿಯ ಅಂಗಡಿಗಳನ್ನು ಸೇರಿಸಿದಾಗ ಪೆಟ್ಟಿಗೆ ಏದುಸಿರು ಬಿಡತೊಡಗಿತು. ಔರಾದಿನ ಸಾಲುಗಳನ್ನು ಹಾಕಲು ಹೋದರೆ ಇನ್ನು ಜಾಗವಿಲ್ಲ ಎಂದು ಹೇಳಿ ಸುಮ್ಮನಾಯಿತು. ಹೊಸ ಪೆಟ್ಟಿಗೆ ಕೇಳಿದೆವು. ಮೇಲಿನವರು, ಮುಂದಿನ ವರ್ಷ ನೋಡೋಣ, ಈ ವರ್ಷ ಔರಾದ ಬಿಟ್ಟು ನಡೆಸಿ ಎಂದರು.

"ಔರಾದ ಬಿಟ್ಟು ಅಂದ್ರ ಹ್ಯಾಂಗ್ರಿ?" ಎಂದು ನಾನು ಕೂಗಾಡಿದೆ.

ಖಲೀಲ್ ಸಾಬರು ಚಹಾದಲ್ಲಿ ಬನ್ನು ಅದ್ದುತ್ತಿದ್ದರು. "ಚೀರಬ್ಯಾಡ ಬೇಟಾ. ಮದುವಿ ದಾವತ್‌ದಾಗ ಒಬ್ಬೊಬ್ಬರ ಹೆಸರು ಕೇಳಿ ಕೂಡಿಸ್ತಾರೇನು? ಆ ಕಂಬದಿಂದ ಈ ಕಂಬದ ತನಕ ಹುಡುಗನ ಕಡಿಯೋರು. ಮುಗೀತು."

"ರೇಂಜ್ ಹಾಕ್ಬೇಕು ಅಂತ ನನಗೂ ಗೊತ್ತದ ಸಾಬ್. ಆದ್ರ ನಿಮ್ಮ ದಾವತ್‌ದಾಗ ಹುಡುಗನ ಕಡಿಯೋರು ಛಾವಣಿ ಮ್ಯಾಲೊಬ್ಬರು, ಬಾವಿ ಕಟ್ಟಿಗೊಬ್ಬರು ಕೂತಾರ. ಕಂಬಾ ಎಲ್ಲಿ ನಿಲ್ಲಸೋಣ್ರಿ?"

ಅವರು ಬನ್ನು ಕೈಯಲ್ಲಿ ಹಿಡಿದುಕೊಂಡೇ ನಕ್ಕರು. ವಿಷಯ ಇದ್ದದ್ದೇ ಅಲ್ಲಿ. ಇಲ್ಲಿಂದ ಇಲ್ಲಿಯವರೆಗಿನ ನಂಬರುಗಳನ್ನು ಬಿಡು ಎಂದು ಒಂದೇ ಸಾಲಿನಲ್ಲಿ ಬರೆದರೆ ಪೆಟ್ಟಿಗೆಗೂ ಹಗುರ, ಓದುವವರಿಗೂ ಹಗುರ. ಆದರೆ ಅದಕ್ಕೆ ನಂಬರುಗಳು ಸಾಲಾಗಿ ಕೂತಿರಬೇಕು. ಗಂಜಿನಲ್ಲಿ ಯಾರು ಮೊದಲು ಕಂಪ್ಯೂಟರು ತಂದರೋ ಅವರಿಗೆ ಸಿಕ್ಕ ನಂಬರು ಕೊಟ್ಟಿದ್ದರು. ಅಕ್ಕಪಕ್ಕದ ಅಂಗಡಿಗಳ ನಂಬರುಗಳಿಗೆ ಒಂದಕ್ಕೊಂದು ಪರಿಚಯವೇ ಇರಲಿಲ್ಲ. ನಡುನಡುವೆ ಲೈಬ್ರರಿಯ ಕಂಪ್ಯೂಟರು, ತೂಕದ ಕಾಂಟಾದವರ ಕಂಪ್ಯೂಟರು ಎಲ್ಲ ಬೆರೆತಿದ್ದವು. ಒಂದು ದೊಡ್ಡ ರೇಂಜ್ ಹಾಕಿ ಎಲ್ಲರನ್ನೂ ಒಳಗೆ ಬಿಟ್ಟರಾಯಿತು ಎನ್ನುವಂತೆಯೂ ಇರಲಿಲ್ಲ. ಹಿಂದಿನ ವರ್ಷ ಹಾಗೆ ಸಡಿಲ ಬಿಟ್ಟಾಗ ಗಂಜಿನ ವೈಫೈಗೆ ಸಿಕ್ಕ ಮೊಬೈಲುಗಳೆಲ್ಲ ಸರ್ವರಿನ ಬಾಗಿಲು ಬಡಿದು, ಸವಾಲಿನ ನಟ್ಟನಡುವೆ ಅದು ಮಕಾಡೆ ಮಲಗಿತ್ತಂತೆ. ವ್ಯಾಪಾರಿಗಳು ಇನ್ನೂ ಅದನ್ನು ಮರೆತಿರಲಿಲ್ಲ.

ಹೀಗಾಗಿ ಚಳಿ ಏರುತ್ತಿದ್ದ ಆ ದಿನಗಳಲ್ಲಿ ನಾವು ಅಂಗಡಿ ಅಂಗಡಿ ತಿರುಗಿ ನಂಬರು ಬದಲಿಸತೊಡಗಿದೆವು. ಸಾಲಿನ ಮೊದಲ ಅಂಗಡಿಗೆ ಮೊದಲ ನಂಬರು, ಅದರ ಪಕ್ಕದ್ದಕ್ಕೆ ಮುಂದಿನದು. ಹೇಳಲು ಸುಲಭ. ಅಂಗಡಿಯಲ್ಲಿ ಕಾಲಿಟ್ಟ ಕೂಡಲೇ ಮೊದಲು ಚಹಾ, ಆಮೇಲೆ ಯಾವೂರು, ಯಾರ ಮಗಳು, ಮದುವೆ ಯಾಕ ಆಗಿಲ್ಲ, ಇಷ್ಟು ಮುಗಿದ ಮೇಲೆ ಕಂಪ್ಯೂಟರು. ಕೆಲವರಿಗೆ ಹಳೆಯ ನಂಬರಿನ ಮೇಲೆ ಮೋಹ. "ಇದು ನಮಗ ಲಾಭ ಕೊಟ್ಟದ ರೀ, ತಗೀಬ್ಯಾಡ್ರಿ" ಎಂದು ಒಬ್ಬರು ಕೀಬೋರ್ಡಿನ ಮೇಲೆ ಕೈ ಅಡ್ಡ ಇಟ್ಟರು. ಸಾಲಿನ ನಡುವೆ ಒಂದು ಚಹಾ ಹೋಟೆಲಿತ್ತು. ಅದಕ್ಕೂ ಸಾಲಿನ ನಂಬರು ಬಂದುಬಿಟ್ಟಿತು. ರೇಂಜಿನ ನಡುವೆ ಅದನ್ನೊಂದನ್ನೇ ತಡೆಯಬೇಕಾದರೆ ತಡೆಯುವ ಸಾಲನ್ನು ರೇಂಜಿನ ಸಾಲಿಗಿಂತ ಮೇಲೆ ಬರೆಯಬೇಕು. ಹಾಗೆ ಬರೆದೆ. ಹೋಟೆಲಿನವರಿಗೆ ಇದು ಹೇಗೋ ಗೊತ್ತಾಗಿ, ಎರಡು ದಿನ ನಮ್ಮ ಚಹಾಕ್ಕೆ ಶುಂಠಿ ಹಾಕಲಿಲ್ಲ.

ಸಾಲಿನ ಕೊನೆಯ ಅಂಗಡಿ ಗುಂಡಪ್ಪ ಸಾವ್ಕಾರರದು. ಗಂಜಿಗೇ ಹಿರಿಯರು. ಬಿಳಿ ಧೋತಿ, ಬಿಳಿ ಮೀಸೆ, ಬಿಳಿ ಹಾಸಿನ ಗಾದಿ. ಆ ಗಾದಿ ಎಂದರೆ ಗೋಡೆಯಿಂದ ಗೋಡೆಗೆ ಹಾಸಿದ ಉದ್ದನೆಯ ಹತ್ತಿಯ ಹಾಸಿಗೆ, ಅದರ ಮೇಲೆ ಒರಗಲು ಲೋಡುಗಳು. ವ್ಯಾಪಾರಿಗಳು ಅಲ್ಲಿ ಕೂಡುವರು, ಮಾಲು ತಂದ ರೈತರು ಕೆಳಗೆ ಮೆಟ್ಟಿಲ ಬಳಿ ನಿಲ್ಲುವರು. ನನ್ನ ಅಪ್ಪ ಹಾಗೆ ನಿಂತದ್ದನ್ನು ಚಿಕ್ಕವಳಿದ್ದಾಗ ನೋಡಿದ್ದೆ. ಅಪ್ಪನಿಗೆ ಅದರಲ್ಲಿ ವಿಶೇಷವೇನೂ ಕಾಣಿಸಿರಲಿಲ್ಲ. ನನಗೆ ಮಾತ್ರ ಆ ಗಾದಿ ಎಷ್ಟು ಮೆತ್ತಗಿರಬಹುದು ಎಂಬ ಕುತೂಹಲ ಉಳಿದುಹೋಗಿತ್ತು.

ಗುಂಡಪ್ಪ ಸಾವ್ಕಾರರನ್ನು ನಾನು ಕಾಕಾ ಎನ್ನುತ್ತಿದ್ದೆ. ದಿನಾ ಅವರಲ್ಲಿಗೆ ಹೋಗಬೇಕಾಗುತ್ತಿತ್ತು. ಕೆಲವು ಪೆಟ್ಟಿಗೆಗಳು ರೇಂಜಿನ ಕೊನೆಯ ನಂಬರನ್ನು ಒಳಗೆ ಸೇರಿಸಿಕೊಳ್ಳುತ್ತವೆ, ಕೆಲವು ಅದನ್ನು ಹೊರಗಿಡುತ್ತವೆ. ನಂಬಲಾಗದು. ರೂಲು ತಿದ್ದಿದಾಗಲೆಲ್ಲ ಮೊದಲ ಅಂಗಡಿಯಲ್ಲೊಮ್ಮೆ, ಕೊನೆಯ ಅಂಗಡಿಯಲ್ಲೊಮ್ಮೆ ಪರೀಕ್ಷೆ ಮಾಡುವುದು ನನ್ನ ರೂಢಿ.

"ದಿನಾ ನಮ್ಮ ಅಂಗಡಿಗೇ ಯಾಕ ಬರ್ತಿ ತಂಗಿ? ನಮ್ಮ ಮ್ಯಾಲೇನ್ ಗುಮಾನಿ?" ಎಂದು ಅವರು ಮುಖ ಗಂಟಿಕ್ಕುವರು.

"ನೀವು ಕೊನೀಗಿ ಇದ್ದೀರಲ್ಲ ಕಾಕಾ. ನೀವು ಒಳಗ ಬಂದ್ರ ನಡುವಿನೋರೆಲ್ಲ ಬಂದಂಗs."

"ಹಾಂ, ಅದು ಖರೆ" ಎಂದು ಮೀಸೆ ಸವರಿಕೊಂಡು ಬೆಲ್ಲ ಶೇಂಗಾ ಕೊಡುವರು. ಹೊಸ ತೊಗರಿಯ ಮೊದಲ ಸವಾಲು ಸಂಕ್ರಾಂತಿ ಕಳೆದ ಮೊದಲ ಸೋಮವಾರ ಎಂದು ಅವರೇ ಹೇಳಿದ್ದರು. ಅದನ್ನು ಮುಹೂರ್ತದ ಸವಾಲು ಎನ್ನುತ್ತಾರೆ ಎಂದೂ ಹೇಳಿದ್ದರು. ಅದನ್ನು ಹೇಗೆ ಮಾಡುತ್ತಾರೆ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಗಂಜಿನಲ್ಲಿ ಹುಟ್ಟಿದವರಿಗೆ ಅದು ಹೇಳುವ ಮಾತೇ ಅಲ್ಲ.

ಭಾಲ್ಕಿಯ ಕೆಲಸ ಬೇಗ ಮುಗಿಯಿತು. ನಮ್ಮೂರಿನ ಕಡೆಯವರೇ ಜಾಸ್ತಿ. ಕಂಪ್ಯೂಟರಿಗಿಂತ ನನಗೆ ಊಟ ಹಾಕುವುದರ ಕಡೆಗೇ ಅವರ ಗಮನ. ಔರಾದಿನಲ್ಲಿ ಕಮಲಾಬಾಯಿ ಸಿಕ್ಕರು.

ಕಮಲಾಬಾಯಿ ಔರಾದ ತಾಲ್ಲೂಕಿನ ಸಂತಪುರದವರು. ಊರಿನ ಹೆಣ್ಣುಮಕ್ಕಳ ಸಂಘದ ಮುಂದಾಳು. ನಾವು ಔರಾದಿನ ಮಾರುಕಟ್ಟೆಯಲ್ಲಿ ಗೋಡೆಗೆ ಪರದೆ ಹಾಕಿಸುತ್ತಿದ್ದಾಗ ಬಂದು ಸೊಂಟಕ್ಕೆ ಕೈಕೊಟ್ಟು ನಿಂತರು. "ಇದರಾಗ ಸವಾಲ್ ಕಾಣ್ತದೇನ್ರಿ?" ಎಂದು ಕೇಳಿದರು. ಕಾಣುತ್ತದೆ ಎಂದೆ. "ನಮ್ಮ ಮಾಲಿಂದು? ನಮಗ?" ಎಂದರು. ಅವರ ದನಿಯಲ್ಲಿದ್ದ ಅನುಮಾನ ಕೇಳಿ ನನಗೆ ವಿಚಿತ್ರವೆನಿಸಿತು.

ಕಾರಣ ತಿಳಿದದ್ದು ಎಳ್ಳಮಾವಾಸ್ಯೆಯ ದಿನ. ಅಂದು ನಮ್ಮಿಬ್ಬರನ್ನೂ ತಮ್ಮ ಹೊಲಕ್ಕೆ ಊಟಕ್ಕೆ ಕರೆದಿದ್ದರು. ಎಳೆ ಬಿಸಿಲು, ಆಳೆತ್ತರದ ಜೋಳ, ನಡುವೆ ಕಂಬಳಿ ಹಾಸಿ ಭಜ್ಜಿ, ಸಜ್ಜಿ ರೊಟ್ಟಿ, ಅಂಬಲಿ. ಖಲೀಲ್ ಸಾಬರು ಮಂಗನ ಟೋಪಿ ತೆಗೆದದ್ದನ್ನು ಆ ಚಳಿಗಾಲದಲ್ಲಿ ನಾನು ನೋಡಿದ್ದು ಅವತ್ತು ಒಂದೇ ಸಲ. ಭಜ್ಜಿ ಮೂರನೆಯ ಸಲ ಹಾಕಿಸಿಕೊಂಡಾಗ ಬೆವರು ಇಳಿಯಿತು. ಎಲ್ಲರಿಗೂ ಬಡಿಸಿ ಆದ ಮೇಲೆ ಒಂದು ತಾಟು ಖಾಲಿ ಉಳಿದಿತ್ತು. ನಾನು ಎತ್ತಿಡಲು ಹೋದರೆ ಕಮಲಾಬಾಯಿ ತಡೆದರು. "ಇರ್ಲಿ ಬಿಡು. ದಾರೀಲೆ ಹೋಗೋರು ಯಾರಾರ ಬರ್ತಾರ" ಎಂದರು. ಖಲೀಲ್ ಸಾಬರು, "ನಮ್ಮ ಅಮ್ಮಿನೂ ಹಿಂಗs ಇಡ್ತಿದ್ದಳು" ಎಂದರು.

ಊಟದ ನಂತರ ಹಸಿ ತೊಗರಿಕಾಯಿ ಬೇಯಿಸಿ ತಂದಿಟ್ಟು ಕಮಲಾಬಾಯಿ ಮಾತಿಗೆ ಕೂತರು. "ನೋಡ್ ತಂಗಿ, ಬಿತ್ತೋರು ನಾವು, ಕಳೆ ತಗಿಯೋರು ನಾವು, ಬಡಿಯೋರು ನಾವು. ಸವಾಲ್ ಮಾತ್ರ ನಾ ಇವತ್ತಿನ ತನಕ ನೋಡಿಲ್ಲ. ಬೀದರ ಗಂಜಿನಾಗ ಚೀಲದ ಮ್ಯಾಲ ರಾತ್ರಿ ಮಲಗಿ ಪಾಳಿ ಕಾಯಬೇಕು. ಹೆಣ್ಮಕ್ಕಳು ಹ್ಯಾಂಗ ಹೋಗಾದು? ಗಂಡಸರು ಹೋಗಿ ಬಂದು, ಇಷ್ಟಕ್ಕ ಹೋತು ಅಂತಾರ. ಹೂಂ ಅಂತೇವಿ."

"ಈ ಸಲ ನೋಡ್ತೀರಿ ಅಕ್ಕಾ" ಎಂದೆ.

"ಮೊದಲನೇ ದಿನಾನs?"

"ಮೊದಲನೇ ದಿನಾನs. ಬೀದರಿನ ಮಾಲಿನ ಜೋಡಿನs ಔರಾದಿನ ಮಾಲೂ ಬರ್ತದ. ನಾ ಹೇಳ್ತೇನಿ."

ಅವರು ಸುತ್ತ ಕೂತ ಹೆಂಗಸರ ಕಡೆ ತಿರುಗಿದರು. "ಕೇಳಿದ್ರಲ್ಲ? ಈ ಸಲ ನಮ್ಮ ಸಂಘದ ತೊಗರಿ ಬೀದರಿಗಿ ಹೋಗಾದಿಲ್ಲ. ಔರಾದಿಗೇ ಹೋಗ್ತದ, ನಾವೂ ಜೋಡಿ ಹೋಗ್ತೇವಿ." ದೂರದಲ್ಲಿ ಕೂತಿದ್ದ ಗಂಡಸರು ಮೂಗು ಮುರಿದು ನಕ್ಕರು. ಅವರಲ್ಲೊಬ್ಬರು, "ಪರದಾದ ಮ್ಯಾಲ ಸಿನಿಮಾ ನೋಡಿ ತೊಗರಿ ವಾಪಸ್ ಹೊತ್ಕೊಂಡು ಬರ್ರಿ" ಎಂದರು. ಕಮಲಾಬಾಯಿ ತಿರುಗಿ ನೋಡಲಿಲ್ಲ. ಆಡಿದ ಮಾತು ನನ್ನದು, ಅದಕ್ಕೆ ಊರ ಮುಂದೆ ಹೊಣೆ ಹೊತ್ತವರು ಅವರು. ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ಅಂಬಲಿಯ ಮಂಪರಿನಲ್ಲೂ ನಿದ್ದೆ ಬರಲಿಲ್ಲ.

ಸಂಕ್ರಾಂತಿಯ ಹೊತ್ತಿಗೆ ಮೂರೂ ಊರಿನ ನಂಬರುಗಳು ಸಾಲಿಗೆ ಬಂದವು. ಬೀದರಕ್ಕೊಂದು ರೇಂಜ್, ಭಾಲ್ಕಿಗೊಂದು, ಔರಾದಿಗೊಂದು. ಹೋಟೆಲು ತಡೆಯುವ ಒಂದು ಸಾಲು ಮೇಲೆ, ಉಳಿದವರನ್ನೆಲ್ಲ ತಡೆಯುವ ಒಂದು ಸಾಲು ಕೆಳಗೆ. ಪರದೆಯ ತುಂಬ ಹರಡಿಕೊಂಡಿದ್ದ ರೂಲುಗಳು ಒಂದು ಬೊಗಸೆಯಲ್ಲಿ ಹಿಡಿಯುವಷ್ಟಾದವು. ಆ ಪರದೆಯನ್ನು ನಾನು ಎಷ್ಟು ಸಲ ನೋಡಿ ಹಿಗ್ಗಿದೆನೋ. ಖಲೀಲ್ ಸಾಬರೂ ಕನ್ನಡಕ ಏರಿಸಿ ನೋಡಿ, "ಸಾಫ್ ಅದ" ಎಂದರು. ಅವರ ಬಾಯಿಂದ ಅಷ್ಟು ಬಂದರೆ ಬಹಳ.

ಸೋಮವಾರ ಬೆಳಗ್ಗೆ ಅವರು ಔರಾದಿಗೆ ಹೋದರು, ನಾನು ಗಂಜಿನಲ್ಲಿ ಉಳಿದೆ. ಬೆಳಕು ಹರಿಯುವ ಮೊದಲೇ ಔರಾದಿನ ಗೇಟು ಹಾಯ್ದಿದ್ದ ಕಮಲಾಬಾಯಿಯವರ ಸಂಘದ ಮಾಲೇ ಮೂರೂ ಊರಿಗೆ ಮೊದಲು. ಮೊದಲು ಗೇಟು ಹಾಯ್ದದ್ದಕ್ಕೆ ಮೊದಲ ಸವಾಲು, ಅದು ರಿವಾಜು. ಎಲ್ಲ ಸರಿಯಾಗಿದೆ ಎಂದುಕೊಂಡು ನಾನು ಶುಂಠಿ ಹಾಕಿದ ಚಹಾ ಹಿಡಿದು ಗಂಜಿನಲ್ಲಿ ಒಂದು ಸುತ್ತು ಹೊರಟೆ. ಅಂಗಡಿಗಳಿಗೆ ಮಾವಿನ ತೋರಣ, ಚೆಂಡುಹೂವು. ಕಂಪ್ಯೂಟರುಗಳ ಮುಂದೆ ಮಾತ್ರ ಯಾರೂ ಇಲ್ಲ. ಒಂದು ಅಂಗಡಿಯಲ್ಲಿ ಗುಮಾಸ್ತರನ್ನು ಕೇಳಿದೆ.

"ಸಾವ್ಕಾರ್ರು ಎಲ್ರಿ?"

"ಎಲ್ಲಾ ಗುಂಡಪ್ಪ ಸಾವ್ಕಾರ್ರ ಗಾದಿಗಿ ಹೋಗ್ಯಾರಲ್ರಿ. ಮುಹೂರ್ತದ ಸವಾಲ್ ಒಂದs ಗಾದಿ ಮ್ಯಾಲ ಅಲ್ಲೇನ್ರಿ?"

ಚಹಾದ ಕಪ್ಪು ಅಲ್ಲೇ ಇಟ್ಟೆ. ಓಡಿದೆ. ಸಾಲಿನ ಕೊನೆಯ ಅಂಗಡಿಯಲ್ಲಿ ಗಂಜಿನ ಹಿರಿಯ ವ್ಯಾಪಾರಿಗಳೆಲ್ಲ ಬಿಳಿ ಗಾದಿಯ ಮೇಲೆ ಸಾಲಾಗಿ ಕೂತಿದ್ದರು. ಅಂಗಡಿಯ ಕಂಪ್ಯೂಟರು ಹೊತ್ತು ತರುವವರು ಯಾರು? ಎಲ್ಲರೂ ಮನೆಯಿಂದ ಮಕ್ಕಳ ಲ್ಯಾಪ್‌ಟಾಪ್ ತಂದಿದ್ದರು. ಒಂದರ ಬೆನ್ನಿಗೆ ಕಾರ್ಟೂನ್ ಬೆಕ್ಕಿನ ಚಿತ್ರವಿತ್ತು. ಎಲ್ಲದಕ್ಕೂ ಕುಂಕುಮ, ಹೂವು, ಮೇಲೆ ಅಕ್ಷತೆ. ಒಬ್ಬರು ಗುಂಡಿಗಳ ಸಂದಿಗೆ ಹೋದ ಅಕ್ಕಿಕಾಳನ್ನು ಕಡ್ಡಿಯಿಂದ ಎಬ್ಬಿಸುತ್ತ ಕೂತಿದ್ದರು. ಒಂದರ ಪರದೆಯ ಮೇಲೂ ಸವಾಲು ತೆರೆದಿರಲಿಲ್ಲ. ತೆರೆಯುವುದು ಹೇಗೆ? ಎಲ್ಲವೂ ಗಂಜಿನ ವೈಫೈ ಹಿಡಿದಿದ್ದವು. ವೈಫೈಯ ನಂಬರುಗಳು ನಾನು ಬರೆದ ಯಾವ ರೇಂಜಿನಲ್ಲೂ ಇರಲಿಲ್ಲ, ಕೊನೆಯ ಸಾಲಿಗೆ ಬಡಿದು ವಾಪಸಾಗುತ್ತಿದ್ದವು. ಪೆಟ್ಟಿಗೆ ನಾನು ಹೇಳಿದ್ದನ್ನೇ ನಿಯತ್ತಿನಿಂದ ಮಾಡುತ್ತಿತ್ತು.

"ಕಾಕಾ, ನಿಮ್ಮ ನಿಮ್ಮ ಅಂಗಡ್ಯಾಗ ಕೂತು ಬೋಲಿ ಹಾಕ್ರಿ, ಆಗ್ತದ" ಎಂದೆ.

ಗಾದಿಯ ಮೇಲಿದ್ದವರೆಲ್ಲ ನನ್ನನ್ನು ವಿಚಿತ್ರವಾಗಿ ನೋಡಿದರು. ಗುಂಡಪ್ಪ ಕಾಕಾ ಮೆಲ್ಲಗೆ, ಕೂಸಿಗೆ ತಿಳಿಹೇಳುವಂತೆ ಹೇಳಿದರು. "ಹಂಗಾಗಲ್ಲ ತಂಗಿ. ವರ್ಷದ ಮೊದಲ ಬೋಲಿ ಎಲ್ಲರೂ ಒಂದs ಗಾದಿ ಮ್ಯಾಲ ಕೂತು ಹಾಕಾದು. ವರ್ಷಪೂರ್ತಿ ಬಡದಾಡ್ತೇವಿ, ಅವತ್ತೊಂದಿನ ತೊಡಿಗಿ ತೊಡಿ ಹಚ್ಚಿ ಕೂಡ್ತೇವಿ. ಗಾದಿ ಬೋಲಿ ಬೀಳೋ ತನಕ ಉಳದ ಅಂಗಡಿಯೋರು ಕೈ ಹಚ್ಚಲ್ಲ." ಆಮೇಲೆ ಗೋಡೆ ಗಡಿಯಾರ ನೋಡಿದರು. "ಮುಹೂರ್ತಕ್ಕ ಅರ್ಧ ತಾಸದ. ಅಷ್ಟರಾಗ ನಿಂದು ಆಗ್ಲಿಲ್ಲಂದ್ರ ಮೊದಲಿನಂಗ ಬಾಯಲೆ ಸವಾಲ್ ಹಿಡೀತೇವಿ. ಎದುರಿಗೆ ರಾಶಿ ಅದಾವಲ್ಲ."

ಎದುರಿಗಿದ್ದ ರಾಶಿಗಳೆಲ್ಲ ಬೀದರಿನವು. ಬಾಯಲ್ಲಿ ಸವಾಲು ಹಿಡಿದರೆ ಔರಾದಿನ ಮಾಲು ಹೊರಗೇ. ಪರದೆಯ ಮುಂದೆ ಸಾಲಾಗಿ ಕೂತಿರುವ ಸಂತಪುರದ ಹೆಂಗಸರು ಕಣ್ಣಿಗೆ ಕಟ್ಟಿದರು. ಖಲೀಲ್ ಸಾಬರಿಗೆ ಫೋನು ಹಚ್ಚಿದೆ. ಟೋಪಿಯೊಳಗಿಂದ ಅವರಿಗೆ ಕೇಳಿಸಲು ಎರಡು ಸಲ ಕೂಗಬೇಕಾಯಿತು. ಸುತ್ತಲಿದ್ದವರೂ ಕೇಳಿಸಿಕೊಂಡರು. "ಎಲ್ಲಾ ಬಿಟ್ಟುಬಿಡ್ರಲಾ ಮೇಡಂ, ಒಂದ್ ತಾಸಿಂದು ಏನದ" ಎಂದು ಹಿಂದಿನಿಂದ ಯಾರೋ ಸಲಹೆ ಕೊಟ್ಟರು.

"ಬಿಲ್ಕುಲ್ ಬ್ಯಾಡ" ಎಂದರು ಫೋನಿನಲ್ಲಿ ಖಲೀಲ್ ಸಾಬರು. "ವೈಫೈ ಬಿಟ್ಟೀ ಅಂದ್ರ ಹೋದ ಸಲದಂಗ ಮಲಗ್ತದ. ವಾಯರ್ ಎಳಿ. ವಾಯರಿಗಿ ಬ್ಯಾರೆ ನಂಬರ್ ಕೊಡು, ಅಷ್ಟಕ್ಕs ರೇಂಜ್ ಹಾಕು."

ನಮ್ಮ ಕೋಣೆಯಲ್ಲಿ ಹಲವು ಕಂಪ್ಯೂಟರುಗಳ ವೈರು ಒಂದೆಡೆ ಸೇರಿಸುವ, ಔರಾದಿಗೆಂದು ತಂದು ಮಿಕ್ಕಿದ್ದ ದೊಡ್ಡ ಸ್ವಿಚ್ಚೊಂದಿತ್ತು. ಇಬ್ಬರು ಹಮಾಲರು ಅದನ್ನೂ ವೈರಿನ ಗಂಟನ್ನೂ ಹೊತ್ತು ತಂದರು. ಬಿಳಿ ಗಾದಿಯ ಮೇಲೆ ಕಪ್ಪು ವೈರುಗಳು ಹರಿದಾಡಿದವು. "ಹಾಸಿಗಿ ಹೊಲಸಾಗ್ತದ" ಎಂದು ಕಾಕಾ ಗೊಣಗಿದರು, ಗೊಣಗುತ್ತಲೇ ಹೂವು ಸರಿಸಿ ಜಾಗ ಮಾಡಿಕೊಟ್ಟರು. ನಾನು ಮೆಟ್ಟಿಲ ಮೇಲೆ ಕೂತು ನನ್ನ ಲ್ಯಾಪ್‌ಟಾಪ್ ತೆರೆದೆ. ಈ ವೈರಿಗೆ ಸೇರಿದವರಿಗೆಲ್ಲ ಇನ್ನೂರಾ ಒಂದರಿಂದ ನಂಬರು ಕೊಡು ಎಂದು ಬರೆಯಬೇಕು. ಎಲ್ಲಿಯವರೆಗೆ?

"ಎಷ್ಟ್ ಮಂದಿ ಕೂತಾರ ಗಾದಿ ಮ್ಯಾಲ?" ಫೋನಿನಿಂದ ಪ್ರಶ್ನೆ.

"ಹದಿನೈದು ಮಂದಿ ಸಾಬ್."

"ಹದಿನಾರು ಇಡು."

"ಯಾಕ್ರಿ?"

"ಮೆಹಮಾನ್ ಬಂದ್ರ?"

"ಸಾಬ್, ಇದು ದಾವತ್ ಅಲ್ರಿ! ಎಷ್ಟು ಬೇಕೋ ಅಷ್ಟs ತಗೀಬೇಕು ಅಂತ ನೀವೇ ಬೈತಿದ್ರಿ."

"ಬಹಸ್ ಆಮ್ಯಾಲ. ಗಾದಿ ಅಂದ ಮ್ಯಾಲ ಒಂದು ಜಾಗಾ ಜಾಸ್ತಿ ಇರ್ಬೇಕು. ಇಡು ಬೇಟಾ."

ಬಾರದ ಅತಿಥಿಗಾಗಿ ವಾದಿಸಲು ಹೊತ್ತಿರಲಿಲ್ಲ. ಪಾಸ್‌ವರ್ಡ್ ಇಲ್ಲದೆ ಯಾರೂ ಬೋಲಿ ಹಾಕಲಾರರು, ವೈರು ಕಾಕಾ ಅವರ ಕಣ್ಣೆದುರಿಗೇ ಇದೆ ಎಂದು ಸಮಾಧಾನ ಮಾಡಿಕೊಂಡು ಇನ್ನೂರಾ ಹದಿನಾರು ಎಂದು ಬರೆದೆ. ಹೊಸ ರೂಲು ಸೇರಿಸಿ, "ಈಗ ನೋಡ್ರಿ" ಎಂದೆ. ಹದಿನೈದು ಬೆರಳು ಒಟ್ಟಿಗೆ ಒತ್ತಿದವು. ಏನೂ ಆಗಲಿಲ್ಲ. ಪೂಜೆಗೆ ಬಂದಿದ್ದ ಭಟ್ಟರು ಆರತಿ ತಟ್ಟೆ ಎತ್ತಿಕೊಂಡಾಗಿತ್ತು. ಬಾಯಲ್ಲಿ ಸವಾಲು ಕೂಗುವವರು ರಾಶಿಯ ಬಳಿ ನಿಂತು ಗಂಟಲು ಸರಿಮಾಡಿಕೊಳ್ಳುತ್ತಿದ್ದರು.

"ಆಗವಲ್ದು ಸಾಬ್!"

"ಹೊಸ ಸಾಲು ಎಲ್ಲಿ ಕೂತದ ನೋಡು."

ನೋಡಿದೆ. ಪೆಟ್ಟಿಗೆ ತನ್ನ ಅಭ್ಯಾಸದಂತೆ ಹೊಸ ಸಾಲನ್ನು ಎಲ್ಲಕ್ಕಿಂತ ಕೆಳಗೆ ಇಟ್ಟಿತ್ತು, ಉಳಿದವರನ್ನೆಲ್ಲ ತಡೆ ಎಂಬ ಸಾಲಿಗಿಂತಲೂ ಕೆಳಗೆ. ಅಲ್ಲಿಯವರೆಗೆ ಓದು ಹೋಗುವುದೇ ಇಲ್ಲ. ಹಿಡಿದು ಮೇಲಕ್ಕೆ ತಂದು ಬೀದರಿನ ರೇಂಜಿನ ಪಕ್ಕ ಕೂರಿಸಿದೆ.

ಬೆಕ್ಕಿನ ಚಿತ್ರದ ಲ್ಯಾಪ್‌ಟಾಪಿನವರು ಮೊದಲು ಕೂಗಿದರು. "ಬಂತು, ಬಂತು!" ಆಮೇಲೆ ಅವರ ಪಕ್ಕದವರು, ಅವರ ಪಕ್ಕದವರು. ಹದಿನೈದೂ ಪರದೆಗಳ ಮೇಲೆ ಒಂದೇ ಹೆಸರು: ಔರಾದ ಅಂಗಳ, ಸಂತಪುರ ಸಂಘದ ತೊಗರಿ. ಆರತಿ ಬೆಳಗಿತು, ಗಂಟೆ ಬಾರಿಸಿತು. ವರ್ಷವಿಡೀ ಬಡಿದಾಡುವ ಆ ಮಂದಿ ಒಬ್ಬರ ಪರದೆ ಇನ್ನೊಬ್ಬರಿಗೆ ಕಾಣದಂತೆ ಟವೆಲು ಮರೆ ಮಾಡಿಕೊಂಡು, ತೊಡೆಗೆ ತೊಡೆ ಹಚ್ಚಿ ಕೂತು ದರ ಹಾಕಿದರು. ಗಾದಿಯ ಬೋಲಿ ಬಿತ್ತು. ಆ ಕೂಡಲೇ ಉಳಿದ ಅಂಗಡಿಗಳಿಂದ, ಭಾಲ್ಕಿಯಿಂದ, ಔರಾದಿನಿಂದ ಬೋಲಿಗಳು ಬರತೊಡಗಿದವು. ಹೊತ್ತು ಮುಗಿದು ಪರದೆಯ ಮೇಲೆ ದರ ನಿಂತಾಗ ಗುಂಡಪ್ಪ ಕಾಕಾ, "ಛಲೋ ಬಂತು, ಮಾಲೂ ಹಂಗs ಅದ" ಎಂದು ಮೀಸೆ ಸವರಿಕೊಂಡರು.

ನನ್ನ ಫೋನು ಇನ್ನೂ ಕಿವಿಯಲ್ಲೇ ಇತ್ತು. ಅದರಲ್ಲಿ ಹೆಂಗಸರ ಗದ್ದಲ. ಖಲೀಲ್ ಸಾಬರ ಕೈಯಿಂದ ಯಾರೋ ಫೋನು ಕಸಿದುಕೊಂಡ ಸದ್ದು.

"ಸುಜಾತಾ, ಕಂಡೆವು ತಂಗಿ. ಕಣ್ಣಾರ ಕಂಡೆವು. ಒಬ್ಬೊಬ್ಬರು ಬೋಲಿ ಹಾಕಿದಂಗ ಮ್ಯಾಲ ಮ್ಯಾಲ ಹೋತು ನೋಡು, ನಮ್ಮ ತೊಗರಿ!" ಕೂಗುತ್ತಿದ್ದವರು ಕಮಲಾಬಾಯಿ. "ಅವತ್ತು ಹೊಲದಾಗ ನಕ್ಕಾಂವ ಇಲ್ಲೇ ನಿಂತಾನ. ಈಗ ಹೊರಗ ಹೋಗಿ ಎಲ್ಲಾರಿಗಿ ಚಹಾ ಹೇಳ್ಯಾನ."

ನನಗೆ ಅಳು ತಡೆಯಲಾಗಲಿಲ್ಲ. ಮುಖ ಮುಚ್ಚಿಕೊಂಡೆ. ಕಾಕಾ ಸೀನು ಎಂದುಕೊಂಡು, "ಈ ಹುಡುಗೀಗಿ ತೊಗರಿ ಧೂಳು ಆಗಲ್ಲ, ನೀರು ಕೊಡ್ರೋ" ಎಂದರು.

ಮುಂದಿನ ಮಳೆಗಾಲಕ್ಕೆ ನನ್ನನ್ನು ಕಲಬುರಗಿಗೆ ಹಾಕಿದರು. ಖಲೀಲ್ ಸಾಬರು ನಿವೃತ್ತರಾಗಿ ಮೊಮ್ಮಕ್ಕಳ ಜೊತೆ ವಾದ ಮಾಡಿಕೊಂಡಿದ್ದಾರೆ. ಕಮಲಾಬಾಯಿಯವರ ಸಂಘ ಈಗ ಖರೀದಿಯ ಪರವಾನಗಿಯನ್ನೂ ಪಡೆದಿದೆ. ಅವರೇ ಫೋನು ಮಾಡಿದ್ದರು: "ಈ ವರ್ಷ ಮುಹೂರ್ತದ ಗಾದಿ ಔರಾದಿಗಿ ಬಂದದ. ನೀ ಬರ್ಬೇಕು. ಬರ್ತಾ ಲ್ಯಾಪ್‌ಟಾಪ್ ತಾ, ಕೆಲಸಕ್ಕಲ್ಲ."

ಗಾಂಧಿ ಗಂಜಿನಲ್ಲಿ ಸೀನಿ ಸೀನಿ ಸುಸ್ತಾಗಿ ಬಸ್ಸು ಹಿಡಿದು ಔರಾದಿಗೆ ಹೋದೆ. ಮಾರುಕಟ್ಟೆಯ ಅಂಗಳದಲ್ಲಿ ಶಾಮಿಯಾನ, ಅದರ ಕೆಳಗೆ ಬಿಳಿ ಗಾದಿ. ಬೀದರಿನಿಂದ ಗುಂಡಪ್ಪ ಕಾಕಾ ಬಂದಿದ್ದರು, ಮೀಸೆ ಇನ್ನೂ ಬೆಳ್ಳಗಾಗಲು ಜಾಗವಿಲ್ಲದಷ್ಟು ಬೆಳ್ಳಗಿತ್ತು. ವ್ಯಾಪಾರಿಗಳ ಸಾಲಿನ ನಡುವೆ ಕಮಲಾಬಾಯಿ ತಲೆಯ ಮೇಲೆ ಸೆರಗು ಹೊದ್ದು, ಲೋಡಿಗೆ ಒರಗಿ ಕೂತಿದ್ದರು. ಒಂದು ಬದಿಯ ಕುರ್ಚಿಯಲ್ಲಿ ಮಂಗನ ಟೋಪಿ. ನಾನು ಅಭ್ಯಾಸದಂತೆ ಮೆಟ್ಟಿಲ ಮೇಲೆ ಕೂರಲು ಹೋದೆ.

"ಏ, ಅಲ್ಲ್ಯಾಕ ಕೂಡ್ತಿ? ಮ್ಯಾಲ ಬಾ" ಎಂದು ಕಮಲಾಬಾಯಿ ಗದರಿ, ಸಾಲಿನ ಕೊನೆಯಲ್ಲಿ ಖಾಲಿ ಇದ್ದ ಜಾಗ ತೋರಿಸಿದರು. ಅಲ್ಲಿ ಒಂದು ವೈರು ಸುತ್ತಿಟ್ಟಿತ್ತು. ಹತ್ತಿ ಕೂತೆ. ಗಾದಿ ನಾನಂದುಕೊಂಡಷ್ಟು ಮೆತ್ತಗಿರಲಿಲ್ಲ. ಆದರೂ ಅಪ್ಪ ನೆನಪಾದರು.

ವೈರು ಸಿಕ್ಕಿಸಿ ಲ್ಯಾಪ್‌ಟಾಪ್ ತೆರೆದೆ. ನನಗೆ ಸಿಕ್ಕ ನಂಬರು ನೋಡಿದೆ: ಇನ್ನೂರಾ ಹದಿನಾರು. ಪೆಟ್ಟಿಗೆ ಹೊಸದು ಬಂದಿದೆ, ಕೆಲಸದವರು ಹೊಸಬರು. ಅವರಲ್ಲೊಬ್ಬರು ಬಂದು ಪಿಸುಗುಟ್ಟಿದರು. "ಮೇಡಂ, ಹಳೇ ರೂಲು ಹಂಗs ತಂದೇವ್ರಿ. ಹದಿನೈದು ಮಂದೀಗಿ ಹದಿನಾರು ಯಾಕ ಅಂತ ಕೇಳ್ದೆ. ಸಾವ್ಕಾರ್ರು, ಅದು ರಿವಾಜ್ ಅದ, ಮುಟ್ಟಬ್ಯಾಡ ಅಂದ್ರು."

ಖಲೀಲ್ ಸಾಬರು ಕುರ್ಚಿಯಿಂದ ಎದ್ದು ಬಂದು, ಕನ್ನಡಕ ಏರಿಸಿ ನನ್ನ ಪರದೆಗೆ ಬಗ್ಗಿದರು. ನಂಬರು ನೋಡಿ ಟೋಪಿ ತೆಗೆದರು.

"ದೇಖಾ ಬೇಟಾ? ನಾ ಹೇಳಿದ್ನೋ ಇಲ್ಲೋ. ಬಂದ್ಲು ಮೆಹಮಾನ್."

"ಮೆಹಮಾನ್ ಅಲ್ರಿ ಸಾಬ್" ಎಂದರು ಕಮಲಾಬಾಯಿ. "ಆ ಜಾಗಾ ಆಕೀದೇ ಇತ್ತು. ಬರೋದು ತಡಾ ಆತು ಅಷ್ಟs."

ಎದುರಿನ ರಾಶಿಯಿಂದ ಹೊಸ ತೊಗರಿಯ ಧೂಳು ಎದ್ದಿತು. ನಾನು ಸೀನಿದೆ. ಕಾಕಾ ಸಾಲಿನ ಆ ತುದಿಯಿಂದ ಕೂಗಿದರು: "ಕೊನೇದೂ ಬಂತು, ಇನ್ನ ಹಚ್ರಿ ಸವಾಲ್!"